ಹತ್ತು ಜನರ ಸೆಕ್ಷನ್‌ಗೆ ಒಂದು ಎಲ್‌ಎಂಜಿ ಯಾಕೆ ಬೇಕು?

ಪ್ರಶ್ನೆ: ಸರ್, ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ಕಡೆಯವನು. ಬಿ.ಎ. ಎರಡನೇ ವರ್ಷ ಓದುತ್ತಾ ಅಗ್ನಿವೀರ್ ಭರ್ತಿಗೆ ತಯಾರಿ ಮಾಡುತ್ತಿದ್ದೇನೆ. ಈಗ ಪ್ರತಿ ಜವಾನನ ಕೈಯಲ್ಲೂ ಒಳ್ಳೆ ರೈಫಲ್ ಇದೆ, ಪಟಪಟ ಗುಂಡು ಹಾರಿಸಬಹುದು. ಹಾಗಿದ್ದ ಮೇಲೆ ಸೆಕ್ಷನ್‌ಗೆ ಬೇರೆ ಲೈಟ್ ಮೆಷಿನ್ ಗನ್ (ಎಲ್‌ಎಂಜಿ) ಯಾಕೆ? ಮೊಬೈಲ್ ಗೇಮ್‌ನಲ್ಲಿ ಅದನ್ನು ಎತ್ತಿಕೊಂಡವನು ನಿಧಾನ ಆಗ್ತಾನೆ, ಬೇಗ ಸಾಯ್ತಾನೆ. ಇನ್ನೊಂದು, ಎಲ್‌ಎಂಜಿ ನಂಬರ್ ಟೂ ಅಂದರೆ ಬರೀ ಗುಂಡು ಹೊರುವ ಆಳಾ?

ಉತ್ತರ: ತಮ್ಮಾ, ಎರಡೂ ಒಳ್ಳೆ ಪ್ರಶ್ನೆ. ಎರಡನೆಯದು ನನ್ನ ಮನಸ್ಸಿಗೆ ಹತ್ತಿರದ್ದು, ಅದನ್ನು ಕೊನೆಗೆ ಹೇಳುತ್ತೇನೆ. ನಾನು 24 ವರ್ಷ ಇನ್‌ಫೆಂಟ್ರಿಯಲ್ಲಿದ್ದೆ. ಮೊದಲು ಎಲ್‌ಎಂಜಿ ನಂಬರ್ ಟೂ, ಆಮೇಲೆ ನಂಬರ್ ಒನ್, ಕೊನೆಗೆ ಹವಾಲ್ದಾರ್ ಆಗಿ ಸೆಕ್ಷನ್ ಕಮಾಂಡರ್. ಈಗ ಬೆಳಗಾವಿಯಲ್ಲಿ ಭರ್ತಿಗೆ ಹೋಗುವ ಹುಡುಗರನ್ನು ದಿನಾ ಬೆಳಿಗ್ಗೆ ಓಡಿಸುತ್ತೇನೆ. ಇದು ಫೌಜಿಗಳ ಊರು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ ಇಲ್ಲೇ ಇದೆ, ಸೇನೆಯ ಜೂನಿಯರ್ ಲೀಡರ್ಸ್ ವಿಂಗ್ ಇಲ್ಲೇ ಇದೆ. ಚಹಾದ ಅಂಗಡಿಯಲ್ಲಿ ಕೂತರೂ ಬಂದೂಕಿನ ಮಾತು ಬರುತ್ತದೆ. ಹುಡುಗರು ಮೊದಲು ಕೇಳುವುದು ಒಂದೇ: ನಿಮಿಷಕ್ಕೆ ಎಷ್ಟು ಗುಂಡು? ಅಲ್ಲಿಂದ ಶುರು ಮಾಡಿದರೆ ಎಲ್‌ಎಂಜಿ ಅರ್ಥವೇ ಆಗುವುದಿಲ್ಲ.

ಹಕ್ಕಿ ಕಾಯುವುದನ್ನು ನೆನಪಿಸಿಕೋ. ನಮ್ಮದು ಬೈಲಹೊಂಗಲ ಕಡೆ ಎರೆ ಹೊಲ, ಹಿಂಗಾರಿ ಜೋಳ. ತೆನೆಯಲ್ಲಿ ಹಾಲು ತುಂಬಿತು ಅಂದರೆ ಗುಬ್ಬಿ, ಗಿಳಿ ಹಿಂಡುಹಿಂಡಾಗಿ ಇಳಿಯುತ್ತಿದ್ದವು. ಹೊಲದ ನಡುವೆ ಅಟ್ಟ ಕಟ್ಟಿ, ಅದರ ಮೇಲೆ ಕವಣೆ ಕೊಟ್ಟು ನನ್ನನ್ನು ನಿಲ್ಲಿಸುತ್ತಿದ್ದರು. ದಿನಕ್ಕೆ ನೂರಾರು ಕಲ್ಲು ಬೀಸಿದ್ದೇನೆ. ಒಂದು ಹಕ್ಕಿಗೂ ತಾಗಿದ ನೆನಪಿಲ್ಲ. ತಾಗಬೇಕಾಗಿಯೂ ಇರಲಿಲ್ಲ. ಕಲ್ಲು ಸೊಂಯ್ ಅಂತ ಪಕ್ಕದಲ್ಲೇ ಹೋಗಬೇಕು, ಮತ್ತೆ ಮತ್ತೆ ಹೋಗುತ್ತಿರಬೇಕು, ಅಷ್ಟೇ. ಆಗ ಹಕ್ಕಿ ತೆನೆಯ ಮೇಲೆ ಕೂರುವುದಿಲ್ಲ. ನಾನು ನೀರು ಕುಡಿಯಲು ಕೆಳಗಿಳಿದು ಹತ್ತು ನಿಮಿಷ ಬಿಟ್ಟು ಬಂದರೆ ಒಂದು ಸಾಲು ಖಾಲಿ. ಎಲ್‌ಎಂಜಿಯ ಕೆಲಸ ನನಗೆ ತಟ್ಟನೆ ಅರ್ಥವಾಗಿದ್ದು ಈ ಕವಣೆಯಿಂದಲೇ. ಶತ್ರುವಿನ ತಲೆ ಮೋರ್ಚಾದಿಂದ, ಅಂದರೆ ಅವನು ಅಡಗಿ ಹೊಡೆಯುವ ಗುಂಡಿಯಿಂದ, ಮೇಲೆ ಬರದ ಹಾಗೆ ನೋಡಿಕೊಳ್ಳಬೇಕು. ಅವನು ತಲೆ ಎತ್ತದಿದ್ದರೆ ಗುರಿ ಹಿಡಿಯಲಾರ. ಅವನು ಗುರಿ ಹಿಡಿಯದ ಆ ಹೊತ್ತಲ್ಲಿ ನಮ್ಮ ಹುಡುಗರು ಎದ್ದು ಓಡಬಹುದು. ಇದನ್ನೇ ಕವರಿಂಗ್ ಫೈರ್ ಅನ್ನುತ್ತೇವೆ.

ನಮ್ಮ ಸೆಕ್ಷನ್‌ನಲ್ಲಿ ಹತ್ತು ಜನ. ಮೂರು ಸೆಕ್ಷನ್ ಸೇರಿ ಒಂದು ಪ್ಲಟೂನ್, ಮೂರು ಪ್ಲಟೂನ್ ಸೇರಿ ಒಂದು ಕಂಪನಿ. ಈ ಹತ್ತು ಜನರಲ್ಲಿ ಎಲ್‌ಎಂಜಿಗೆ ಇಬ್ಬರು, ಗನ್ ಹೊಡೆಯುವ ನಂಬರ್ ಒನ್ ಮತ್ತು ಅವನ ಜೊತೆಗಾರ ನಂಬರ್ ಟೂ. ದಾಳಿಯಲ್ಲಿ ಸೆಕ್ಷನ್ ಎರಡಾಗಿ ಒಡೆಯುತ್ತದೆ. ಒಂದು ಭಾಗ ನೆಲ ಹಿಡಿದು ಫೈರ್ ಕೊಡುತ್ತದೆ, ಇನ್ನೊಂದು ಮುಂದೆ ಹೋಗುತ್ತದೆ. ಎದ್ದ ಜವಾನ ಮೂರು ನಾಲ್ಕು ಸೆಕೆಂಡ್ ಓಡಿ ಮತ್ತೆ ಮಲಗುತ್ತಾನೆ. ಅಷ್ಟು ಹೊತ್ತಲ್ಲಿ ಎದುರಿಗಿರುವವನು ಅವನನ್ನು ನೋಡಿ, ಗುರಿ ಹಿಡಿದು, ಕುದುರೆ (ಟ್ರಿಗರ್) ಎಳೆಯಬಹುದು. ಆ ಮೂರು ನಾಲ್ಕು ಸೆಕೆಂಡ್ ಅವನ ಕಣ್ಣು ಮುಚ್ಚಿಸುವುದು ಎಲ್‌ಎಂಜಿ ಪಾಲಿನ ಕೆಲಸ.

ಅದನ್ನು ರೈಫಲ್ ಮಾಡಲಾರದಾ ಅಂತ ನೀನು ಕೇಳಬಹುದು. ಮಾಡುತ್ತದೆ, ಸ್ವಲ್ಪ ಹೊತ್ತು. ನಿಮಿಷಕ್ಕೆ 650 ಗುಂಡಿನ ವೇಗ ಇರುವ ಬಂದೂಕಿನ 30 ಗುಂಡಿನ ಮ್ಯಾಗಜಿನ್ ಮೂರು ಸೆಕೆಂಡ್ ಒಳಗೆ ಖಾಲಿ. ಲೆಕ್ಕ ಹಾಕಿ ನೋಡು. ಆಮೇಲೆ ಬದಲಿಸಬೇಕು. ಬದಲಿಸುವ ಹೊತ್ತು ನಾನು ಅಟ್ಟ ಇಳಿದು ನೀರು ಕುಡಿಯಲು ಹೋದ ಹೊತ್ತಿನ ಹಾಗೆ. ಅಷ್ಟೇ ಅಲ್ಲ, ರೈಫಲ್ ಬ್ಯಾರೆಲ್ ತೆಳು. ಒಂದೇ ಸಮ ಹೊಡೆದರೆ ಕಾದು ಹೋಗುತ್ತದೆ, ಗುಂಡು ಎಲ್ಲೆಲ್ಲೋ ಹೋಗುತ್ತದೆ. ಎಲ್‌ಎಂಜಿ ಬ್ಯಾರೆಲ್ ದಪ್ಪ. ಮುಂದೆ ಎರಡು ಕಾಲಿನ ಬೈಪಾಡ್ ಇರುವುದರಿಂದ ತೂಕ ನೆಲದ ಮೇಲೆ ಕೂರುತ್ತದೆ, ಭುಜಕ್ಕೆ ಒರಗಿಸಿ ಹೊಡೆದರೆ ಬಂದೂಕು ಅಲ್ಲಾಡದೆ ನಿಲ್ಲುತ್ತದೆ. ನೀನು ಗೇಮ್‌ನಲ್ಲಿ ನೋಡಿದ ತೂಕ ಸುಮ್ನೆ ಬಂದದ್ದಲ್ಲ. ಆ ತೂಕವೇ ಶಾಖವನ್ನೂ ಧಕ್ಕೆಯನ್ನೂ ನುಂಗುತ್ತದೆ.

ಶಾಖದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕಂದರೆ ಮೆಷಿನ್ ಗನ್ನಿನ ಅರ್ಧ ಕಥೆ ಶಾಖದ ಕಥೆ. ನಾನು ಮೊದಲು ಕಲಿತದ್ದು ಹಳೆಯ 7.62 ಎಂಎಂ ಎಲ್‌ಎಂಜಿ ಮೇಲೆ. ಅದು ಬ್ರೆನ್ ಗನ್ನಿನ ಮನೆತನದ್ದು. ಮೂಲ ಜೆಕೊಸ್ಲೊವಾಕಿಯಾದ ಜೆಡ್‌ಬಿ-26. ಬ್ರನೋ ಊರಿನ 'ಬ್ರ', ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ 'ಎನ್', ಎರಡೂ ಸೇರಿ ಬ್ರೆನ್. 1930ರ ದಶಕದಲ್ಲಿ ಬ್ರಿಟಿಷ್ ಸೇನೆಗೆ, ಆಮೇಲೆ ಭಾರತೀಯ ಸೇನೆಗೂ ಬಂತು. ಆಗ ಅದು .303 ಗುಂಡಿನದು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷದ ಮೇಲೆ 7.62 ಗುಂಡಿಗೆ ಹೊಂದಿಸಿದ ಅದರ ರೂಪ ನಮ್ಮ ಕೈಗೆ ಬಂತು. ಹತ್ತು ಕಿಲೋ ಆಸುಪಾಸಿನ ತೂಕ. ಮ್ಯಾಗಜಿನ್ ಮೇಲೆ ಕೂರುತ್ತದೆ, ಹಾಗಾಗಿ ಗುರಿ ನೋಡುವ ಸೈಟ್ ಎಡಕ್ಕೆ ಸರಿದಿರುತ್ತದೆ.

ಅದರಲ್ಲಿ ಜೋರು ಫೈರ್ ಅಂದರೆ ನಿಮಿಷಕ್ಕೆ 4 ಮ್ಯಾಗಜಿನ್, ಸುಮಾರು 120 ಗುಂಡು. ಹಾಗೆ ಹತ್ತು ಮ್ಯಾಗಜಿನ್ ಆದ ಮೇಲೆ ಬ್ಯಾರೆಲ್ ಬದಲಿಸಬೇಕು. ನಂಬರ್ ಒನ್ ಮುಂದೆ ನೋಡುತ್ತಲೇ ಇರುತ್ತಾನೆ. ಎಡಕ್ಕೆ ಮಲಗಿದ ನಂಬರ್ ಟೂ ಲಾಚ್ ಎತ್ತುತ್ತಾನೆ, ಹಿಡಿಕೆ ಹಿಡಿದು ಕಾದ ಬ್ಯಾರೆಲ್ ಎಳೆದು ಪಕ್ಕಕ್ಕಿಡುತ್ತಾನೆ, ತಣ್ಣನೆಯದನ್ನು ಕೂರಿಸಿ ಲಾಚ್ ಹಾಕುತ್ತಾನೆ. ಇಷ್ಟಕ್ಕೆ ಕೈ ಕುದುರಿದವನಿಗೆ ಕೆಲವೇ ಸೆಕೆಂಡ್ ಸಾಕು. ಆ ಹಿಡಿಕೆ ಬ್ಯಾರೆಲ್‌ಗೇ ಜೋಡಿಸಿರುವುದು ಯಾಕೆ ಅಂತ ಮೊದಲ ದಿನ ನನಗೆ ತಿಳಿದಿರಲಿಲ್ಲ. ಕಾದ ಬ್ಯಾರೆಲ್ ಹಸಿ ಹುಲ್ಲಿನ ಮೇಲಿಟ್ಟಾಗ ಚುಂಯ್ ಅಂದು ಹೊಗೆ ಎದ್ದದ್ದು ನೋಡಿ ತಿಳಿಯಿತು. ಸುಟ್ಟ ಹುಲ್ಲು, ಕಾದ ಎಣ್ಣೆ, ಮದ್ದಿನ ವಾಸನೆ ಮೂರೂ ಸೇರಿ ಮೂಗಿಗೆ ಬರುತ್ತದೆ. ಆ ವಾಸನೆ ಇವತ್ತಿಗೂ ಮರೆತಿಲ್ಲ.

ಇನ್ನೊಂದು ಜಾಣತನ ನೋಡು. ಕುದುರೆ ಬಿಟ್ಟಾಗ ಗುಂಡನ್ನು ಒಳಗೆ ತಳ್ಳುವ ಅದರ ಬೋಲ್ಟ್ ಹಿಂದೆಯೇ ನಿಲ್ಲುತ್ತದೆ. ಬ್ಯಾರೆಲ್ ಹಿಂತುದಿಯ ಚೇಂಬರ್‌ನಲ್ಲಿ ಗುಂಡು ಕೂತಿರುವುದಿಲ್ಲ, ಗಾಳಿ ಆಡುತ್ತದೆ. ಕಾದ ಚೇಂಬರ್‌ನಲ್ಲಿ ಗುಂಡು ಕೂತಿದ್ದರೆ ಕುದುರೆ ಎಳೆಯದೆಯೇ ಹಾರಿಬಿಡುವ ಅಪಾಯ ಇದೆ. ಅದನ್ನು ತಪ್ಪಿಸಲು ಈ ಏರ್ಪಾಡು.

'ಲೈಟ್' ಅನ್ನುವ ಪದಕ್ಕೂ ಒಂದು ಮಾತು. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೀನು ನೋಡಿರುತ್ತೀಯ. ಸುಮಾರು 55 ಟನ್, ನಾಲ್ಕು ಮೀಟರಿಗಿಂತ ಜಾಸ್ತಿ ಉದ್ದ. ಬುರುಜಿನ ಮೇಲೆ ಕೂತಲ್ಲಿಂದ ಅದು ಏಳುವುದಿಲ್ಲ, ಶತ್ರುವೇ ಅದರ ಎದುರಿಗೆ ಬರಬೇಕು. ಮೊದಲ ಮೆಷಿನ್ ಗನ್ನುಗಳೂ ಒಂದು ರೀತಿ ಹಾಗೇ. 1884ರಲ್ಲಿ ಬಂದ ಮ್ಯಾಕ್ಸಿಮ್, ಆಮೇಲಿನ ವಿಕರ್ಸ್, ಎರಡಕ್ಕೂ ಬ್ಯಾರೆಲ್ ಸುತ್ತ ನೀರಿನ ಜಾಕೆಟ್, ಕೆಳಗೆ ಮೂರು ಕಾಲಿನ ಸ್ಟ್ಯಾಂಡ್. ಹೊರಲು ನಾಲ್ಕೈದು ಜನ. ಖಂದಕದಲ್ಲಿ ಕೂತು ಹೊಡೆಯಲು ಬಲು ಚೆನ್ನ. ಆದರೆ ಎದ್ದು ಹೋಗುವ ಜವಾನರ ಜೊತೆ ಓಡಲು ಆಗದು. ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಜನ ಸತ್ತ ಮೇಲೆ ಎಲ್ಲ ಸೇನೆಗಳಿಗೂ ಒಂದೇ ಬಯಕೆ ಹುಟ್ಟಿತು: ಒಬ್ಬನೇ ಹೊತ್ತು ಓಡುವ ಮೆಷಿನ್ ಗನ್. ಯುದ್ಧಕ್ಕೆ ಮೊದಲೇ ರೂಪಿಸಿದ್ದ ಲೂಯಿಸ್ ಗನ್ ಹಾಗೆ ಜವಾನರ ಕೈಗೆ ಬಂತು. ತಟ್ಟೆಯಂಥ ಮ್ಯಾಗಜಿನ್, ಅದರಲ್ಲಿ 47 ಗುಂಡು, ನೀರು ಬೇಕಿಲ್ಲ. 12-13 ಕಿಲೋ ಇದ್ದರೂ ಗಟ್ಟಿ ಆಳು ಎತ್ತಿ ಓಡುತ್ತಿದ್ದ. ಅಲ್ಲಿಂದಲೇ ಸಣ್ಣ ತುಕಡಿಗೂ ತನ್ನದೇ ಮೆಷಿನ್ ಗನ್ ಇರಬೇಕು ಅನ್ನುವ ವಿಚಾರ ಬೇರು ಬಿಟ್ಟಿತು.

ಜರ್ಮನರು ಇದನ್ನು ಇನ್ನೂ ಮುಂದೆ ಒಯ್ದರು. ಎರಡನೇ ಮಹಾಯುದ್ಧದಲ್ಲಿ ಅವರ ಎಂಜಿ-34, ಎಂಜಿ-42 ಗುಂಡು ಪೋಣಿಸಿದ ಉದ್ದ ಬೆಲ್ಟ್ ತಿನ್ನುವ ಗನ್ನುಗಳು. ಎಂಜಿ-42 ನಿಮಿಷಕ್ಕೆ 1,200 ಗುಂಡು, ಅಂದರೆ ಸೆಕೆಂಡಿಗೆ 20. ಅವರಲ್ಲಿ ಮೆಷಿನ್ ಗನ್ನೇ ಮುಖ್ಯ, ಉಳಿದವರು ಅದಕ್ಕೆ ಗುಂಡು ಹೊತ್ತು ಅದನ್ನು ಕಾಯುವವರು. ಬ್ರಿಟಿಷ್ ಮತ್ತು ನಮ್ಮ ಪದ್ಧತಿಯಲ್ಲಿ ಬ್ರೆನ್ ಇದ್ದದ್ದು ರೈಫಲ್ ಹುಡುಗರನ್ನು ಗುರಿಯ ತನಕ ಮುಟ್ಟಿಸಲು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ, ಯಾಕಂದರೆ ಕೊನೆಗೆ ಮೋರ್ಚಾದೊಳಗೆ ಕಾಲಿಡುವವನು ರೈಫಲ್ ಹಿಡಿದ ಜವಾನ.

ಎದುರಿನ ಮೆಷಿನ್ ಗನ್ ಒಂದು ಸೆಕ್ಷನ್‌ಗೆ ಏನು ಮಾಡಬಲ್ಲದು ಅಂತ ತಿಳಿಯಬೇಕಾದರೆ ನಾಯಕ್ ಯಶವಂತ ಘಾಡ್ಗೆ ಅವರ ಕಥೆ ಓದು. ಅವರು ಇದೇ ಮರಾಠಾ ರೆಜಿಮೆಂಟಿನವರು. 1944ರ ಜುಲೈ 10, ಇಟಲಿಯ ಟೈಬರ್ ಕಣಿವೆ. ತೀರಾ ಹತ್ತಿರದಿಂದ ಬಂದ ಮೆಷಿನ್ ಗನ್ ಫೈರ್‌ಗೆ ಅವರ ಸೆಕ್ಷನ್‌ನ ಎಲ್ಲರೂ ಸತ್ತರು ಅಥವಾ ಗಾಯಗೊಂಡರು. ಉಳಿದದ್ದು ಕಮಾಂಡರ್ ಒಬ್ಬರೇ. ಅವರು ಒಬ್ಬರೇ ಆ ಗನ್ ಕಡೆ ನುಗ್ಗಿ ಗ್ರೆನೇಡ್ ಎಸೆದು ಗನ್ನನ್ನೂ ಹೊಡೆಯುವವನನ್ನೂ ಮುಗಿಸಿದರು. ಇನ್ನೊಬ್ಬನನ್ನು ಟಾಮಿ ಗನ್ ಅನ್ನುವ ಸಣ್ಣ ಸ್ವಯಂಚಾಲಿತ ಬಂದೂಕಿನಿಂದ ಹೊಡೆದರು. ಮ್ಯಾಗಜಿನ್ ಖಾಲಿ, ಬದಲಿಸಲು ಸಮಯ ಇಲ್ಲ. ಗನ್ನನ್ನು ಬ್ಯಾರೆಲ್ ಕಡೆಯಿಂದ ಹಿಡಿದು ಉಳಿದಿಬ್ಬರನ್ನು ಬಡಿದು ಕೊಂದರು. ಆಮೇಲೆ ಸ್ನೈಪರ್ ಗುಂಡಿಗೆ ಅಲ್ಲೇ ಬಿದ್ದರು. ಸತ್ತ ಮೇಲೆ ವಿಕ್ಟೋರಿಯಾ ಕ್ರಾಸ್ ಬಂತು. ಈ ಕಥೆ ಹೇಳುವಾಗ ನಾನು ಹುಡುಗರಿಗೆ ಶೌರ್ಯದ ಜೊತೆ ಇನ್ನೊಂದು ಲೆಕ್ಕವನ್ನೂ ತೋರಿಸುತ್ತೇನೆ: ಒಂದು ಗನ್, ಕೆಲವೇ ಕ್ಷಣ, ಇಡೀ ಸೆಕ್ಷನ್. ಹಾಗಾಗದಿರಲಿ ಅಂತಲೇ ನಮ್ಮ ಎಲ್‌ಎಂಜಿ ಮೊದಲು ಬಾಯಿ ತೆರೆಯಬೇಕು.

ಅದು ಎಲ್ಲಿ ಕೂರಬೇಕು? ಹೊಸಬರು ಇಲ್ಲೇ ತಪ್ಪುತ್ತಾರೆ. ದಾಳಿ ಮಾಡುವವರ ಬೆನ್ನ ಹಿಂದೆ ಎಲ್‌ಎಂಜಿ ಇಟ್ಟರೆ ನಮ್ಮವರ ಬೆನ್ನೇ ಗುರಿಗೆ ಅಡ್ಡ ಬರುತ್ತದೆ, ಬೇಗ ಫೈರ್ ನಿಲ್ಲಿಸಬೇಕಾಗುತ್ತದೆ. ಬದಿಗೆ ಒಯ್ಯಬೇಕು, ಆದಷ್ಟು ಅಡ್ಡ ದಿಕ್ಕಿಗೆ. ಆಗ ಹುಡುಗರು ಮೋರ್ಚಾದ ಹತ್ತಿರ ಹೋಗುವ ತನಕ ಹೊಡೆಯಬಹುದು, ಆಮೇಲೆ ಗುರಿಯನ್ನು ಆಚೆಗೆ ಸರಿಸಬಹುದು.

ಬದಿಯಿಂದ ಹೊಡೆದರೆ ಇನ್ನೊಂದು ಲಾಭ. ಗನ್ ಅದುರುವುದರಿಂದ ಒಂದು ಬರ್ಸ್ಟ್‌ನ, ಅಂದರೆ ಒಮ್ಮೆ ಕುದುರೆ ಎಳೆದಾಗ ಸಾಲಾಗಿ ಹಾರುವ, ಗುಂಡುಗಳೆಲ್ಲ ಒಂದೇ ಚುಕ್ಕೆಗೆ ಹೋಗುವುದಿಲ್ಲ. ದೂರದ ನೆಲದಲ್ಲಿ ಅವು ಬೀಳುವ ಜಾಗ ಉದ್ದಕ್ಕೆ ಹತ್ತಾರು ಮೀಟರ್, ಅಗಲಕ್ಕೆ ಒಂದೆರಡು ಮೀಟರ್. ಕೂರಿಗೆಯಿಂದ ಬಿತ್ತಿದ ಸಾಲಿನ ಹಾಗೆ. ಇದಕ್ಕೆ ಬೀಟನ್ ಝೋನ್ ಅನ್ನುತ್ತೇವೆ. ಖಂದಕದ ಎದುರಿಂದ ಹೊಡೆದರೆ ಆ ಸಾಲು ಖಂದಕವನ್ನು ಅಡ್ಡಕ್ಕೆ ದಾಟುತ್ತದೆ, ಬಹುಪಾಲು ಗುಂಡು ಮಣ್ಣಿಗೆ. ಬದಿಯಿಂದ ಹೊಡೆದರೆ ಸಾಲು ಖಂದಕದ ಉದ್ದಕ್ಕೇ ಮಲಗುತ್ತದೆ. ಅಷ್ಟೇ ಗುಂಡು, ಹತ್ತು ಪಟ್ಟು ಕೆಲಸ.

ರಕ್ಷಣೆಗೆ ಕೂತಾಗಲೂ ಹಾಗೆಯೇ. ನಾನು ಸೆಕ್ಷನ್ ಕಮಾಂಡರ್ ಆಗಿದ್ದಾಗ ನೆಲ ನೋಡಲು ಹೋದರೆ ಮೊದಲು ಎಲ್‌ಎಂಜಿ ಜಾಗದಲ್ಲಿ ಹೊಟ್ಟೆ ಮೇಲೆ ಮಲಗಿ ನೋಡುತ್ತಿದ್ದೆ. ನಿಂತು ನೋಡಿದರೆ ಎಲ್ಲ ಕಾಣುತ್ತದೆ. ಮಲಗಿ ನೋಡಿದರೆ ಮುಂದಿನ ಒಂದು ಬದು, ಒಂದು ಪೊದೆ ಅರ್ಧ ನೆಲವನ್ನೇ ಮುಚ್ಚಿಬಿಡುತ್ತದೆ. ಗನ್ ನೋಡುವುದು ಮಲಗಿದವನ ಕಣ್ಣಿನಿಂದಲೇ ಅಲ್ವಾ? ಎಲ್‌ಎಂಜಿ ಜಾಗ ಗಟ್ಟಿಯಾದ ಮೇಲೆ ಅದರ ಆಚೀಚೆ ರೈಫಲ್ ಹುಡುಗರು. ಪಕ್ಕದ ಸೆಕ್ಷನ್ ಎಲ್‌ಎಂಜಿಯ ಫೈರ್ ನಮ್ಮ ಮುಂದೆ ಬಂದು ದಾಟಬೇಕು, ನಮ್ಮದು ಅವರ ಮುಂದೆ. ರಾತ್ರಿಗೆ ಗೂಟ ಹೊಡೆದು ಎಡ-ಬಲದ ಎಲ್ಲೆ ಗುರುತು ಮಾಡಿಡುತ್ತಿದ್ದೆವು. ಕತ್ತಲಲ್ಲಿ ಏನೂ ಕಾಣದಿದ್ದರೂ ಗನ್ ಗೂಟ ಬಿಟ್ಟು ಆಚೆ ಹೋಗದು.

ಗೇಮ್‌ನಲ್ಲಿ ಎಲ್‌ಎಂಜಿ ಹಿಡಿದವನು ಬೇಗ ಸಾಯುತ್ತಾನೆ ಅಂದೆಯಲ್ಲ, ಅದರಲ್ಲಿ ಒಂದು ನಿಜ ಇದೆ. ಶತ್ರು ಎಲ್ಲರಿಗಿಂತ ಮೊದಲು ಅವನನ್ನೇ ಹುಡುಕುತ್ತಾನೆ. ಅದಕ್ಕೇ ಒಂದೇ ಜಾಗದಲ್ಲಿ ಬಹಳ ಹೊತ್ತು ಇರಬಾರದು. ಕೆಲವು ಬರ್ಸ್ಟ್ ಕೊಟ್ಟು, ತೆವಳಿ, ಮೊದಲೇ ನೋಡಿಟ್ಟ ಬೇರೆ ಜಾಗಕ್ಕೆ ಹೋಗಬೇಕು. ಬರ್ಸ್ಟ್ ಅಂದರೆ ಮೂರರಿಂದ ಐದು ಗುಂಡು. ಸಿನಿಮಾದ ಹಾಗೆ ಸೊಂಟಕ್ಕೆ ಒತ್ತಿಕೊಂಡು ಉದ್ದಕ್ಕೆ ಹರಿಸುವುದು ದುಂದು. ಮೊದಲ ಎರಡು ಮೂರು ಗುಂಡಿನ ಮೇಲೆ ಗನ್ ಗುರಿ ಬಿಟ್ಟು ಅಲೆಯತೊಡಗುತ್ತದೆ, ಉಳಿದದ್ದು ಆಕಾಶಕ್ಕೆ.

ಈಗಿನ ಗನ್ನುಗಳ ಬಗ್ಗೆ ಸ್ವಲ್ಪ. 1990ರ ದಶಕದಲ್ಲಿ ನಮಗೆ 5.56 ಎಂಎಂ ಇನ್ಸಾಸ್ ಎಲ್‌ಎಂಜಿ ಬಂತು. ಹೊರಲು ಬಹಳ ಹಗುರ, ರೈಫಲ್‌ನದೇ ಗುಂಡು. ಬೆಟ್ಟ ಹತ್ತುವಾಗ ಬೆನ್ನಿಗೆ ಅದು ವರದಾನ. ಆದರೆ 30 ಗುಂಡಿನ ಮ್ಯಾಗಜಿನ್‌ನಲ್ಲಿ ಫೈರ್ ಮತ್ತೆ ಮತ್ತೆ ಕಡಿಯುತ್ತಿತ್ತು. ಸಣ್ಣ ಗುಂಡು ದೂರಕ್ಕೆ, ಮಣ್ಣಿನ ಚೀಲ, ಗೋಡೆಗಳಿಗೆ 7.62ರಷ್ಟು ಕೆಲಸ ಮಾಡದು. 2020ರ ಮಾರ್ಚ್‌ನಲ್ಲಿ ಸರ್ಕಾರ ಇಸ್ರೇಲಿನ ಕಂಪನಿಯ ಜೊತೆ 16,479 ನೆಗೆವ್ ಎನ್‌ಜಿ-7 ಗನ್ನುಗಳಿಗೆ ಸುಮಾರು 880 ಕೋಟಿ ರೂಪಾಯಿ ಒಪ್ಪಂದ ಮಾಡಿಕೊಂಡಿತು. ಅದು 7.62, ಬೆಲ್ಟ್ ತಿನ್ನುತ್ತದೆ, ತೂಕ ಸುಮಾರು 8 ಕಿಲೋ. ಇದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ. ಅಮೆರಿಕದ ಮರೀನ್‌ಗಳು ಇದಕ್ಕೆ ವಿರುದ್ಧ ದಿಕ್ಕಿಗೆ ಹೋಗಿ, ಬೆಲ್ಟ್ ಗನ್ ಬಿಟ್ಟು ಮ್ಯಾಗಜಿನ್ ಹಾಕುವ ಎಂ-27 ರೈಫಲ್ ಹಿಡಿದಿದ್ದಾರೆ. ಗುರಿ ಚೆನ್ನಾಗಿದ್ದರೆ ಕಡಿಮೆ ಗುಂಡು ಸಾಕು ಅನ್ನುವುದು ಅವರ ವಾದ. ವಾದದಲ್ಲಿ ತೂಕ ಇದೆ. ಆದರೂ ಬಿಡುವಿಲ್ಲದ ಕವಣೆಯ ಮೇಲೆ ನನಗೆ ನಂಬಿಕೆ ಜಾಸ್ತಿ.

ಒಂದು ಗೊಂದಲ ತಪ್ಪಿಸುತ್ತೇನೆ. 7.62 ಅಂದ ಕೂಡಲೇ ಎಲ್ಲ ಒಂದೇ ಗುಂಡು ಅಂತ ತಿಳಿಯಬೇಡ. ನೆಗೆವ್ ಎನ್‌ಜಿ-7, ಸಿಗ್-716 ರೈಫಲ್ ತಿನ್ನುವುದು 51 ಎಂಎಂ ಉದ್ದದ ಕೇಸಿನ (ಮದ್ದು ತುಂಬಿದ ಕೊಳವೆಯ) ಗುಂಡು. ಎಕೆ-203ರದು 39 ಎಂಎಂ ಕೇಸು. ಒಂದರ ಗುಂಡು ಇನ್ನೊಂದಕ್ಕೆ ಕೂರುವುದಿಲ್ಲ. ರಾತ್ರಿ ಗುಂಡು ಹಂಚುವವನು ಇದನ್ನು ಕೈಯಲ್ಲಿ ಮುಟ್ಟಿಯೇ ಹೇಳಬೇಕು.

ಈಗ ನಿನ್ನ ಎರಡನೇ ಪ್ರಶ್ನೆ. ಹೊರುವುದು ಹೌದು, ಅದೇನು ಸಣ್ಣ ಮಾತಲ್ಲ. 7.62ರ ಒಂದು ಗುಂಡು ಸುಮಾರು 24 ಗ್ರಾಂ, 5.56ರದು ಸುಮಾರು 12. ಅಂದರೆ 600 ಗುಂಡು 14 ಕಿಲೋ ದಾಟುತ್ತದೆ, ಬೆಲ್ಟ್, ಡಬ್ಬಿಯ ತೂಕ ಬೇರೆ. ಒಬ್ಬನಿಂದ ಆಗದು, ಸೆಕ್ಷನ್‌ನ ಎಲ್ಲರೂ ಸ್ವಲ್ಪ ಸ್ವಲ್ಪ ಹೊರುತ್ತಾರೆ. ಆದರೆ ನಂಬರ್ ಟೂ ಕೆಲಸ ಹೆಗಲಿನದ್ದಕ್ಕಿಂತ ಕಣ್ಣಿನದು. ನಂಬರ್ ಒನ್‌ಗೆ ಸೈಟ್ ಒಳಗಿನ ಒಂದು ತುಂಡು ನೆಲ ಬಿಟ್ಟರೆ ಬೇರೇನೂ ಕಾಣದು. ಗುಂಡು ಎಲ್ಲಿ ಧೂಳೆಬ್ಬಿಸಿತು, ಎಡಕ್ಕೆ ಸರಿಸಬೇಕಾ, ನಮ್ಮ ಹುಡುಗರು ಎಲ್ಲಿ ತಲುಪಿದರು, ಕಮಾಂಡರ್ ಕೈಸನ್ನೆ ಏನು, ಎಷ್ಟು ಗುಂಡು ಉಳಿದಿದೆ, ಇದೆಲ್ಲ ನಂಬರ್ ಟೂ ನೋಡಿ ಅವನ ಕಿವಿಯಲ್ಲಿ ಹೇಳಬೇಕು. ನಂಬರ್ ಒನ್ ಬಿದ್ದರೆ ಅವನನ್ನು ಸರಿಸಿ ಅದೇ ಕ್ಷಣ ಗನ್ ಹಿಡಿಯಬೇಕು.

ನಾನು ನಂಬರ್ ಒನ್ ಆದ ಹೊಸದರಲ್ಲಿ ಒಂದು ಎಕ್ಸರ್‌ಸೈಜ್, ಅಂದರೆ ಅಣಕು ಯುದ್ಧ. ಸದ್ದು ಮಾತ್ರ ಮಾಡುವ ಬ್ಲ್ಯಾಂಕ್ ಗುಂಡು. ನಾಲೆ ದಾಟಿ ಗುಡ್ಡದ ಮೇಲಿನ ಮೋರ್ಚಾ ಹಿಡಿಯಬೇಕು. ಹುಮ್ಮಸ್ಸಿನಲ್ಲಿ ನಾನು ಜೋರಾಗಿ ಓಡಿ ಬದಿಯ ದಿಬ್ಬ ಹತ್ತಿಬಿಟ್ಟೆ. ನನ್ನ ನಂಬರ್ ಟೂ ಮ್ಯಾಗಜಿನ್ ಚೀಲದ ಜೊತೆ ನಾಲೆಯ ಕೆಸರಲ್ಲೇ ಸಿಕ್ಕಿಕೊಂಡಿದ್ದ. ನಾನು ತಿರುಗಿ ನೋಡಲಿಲ್ಲ. ನನ್ನ ಬಳಿ ಇದ್ದದ್ದು ನಾಲ್ಕು ಮ್ಯಾಗಜಿನ್. ಉದ್ದುದ್ದ ಬರ್ಸ್ಟ್ ಕೊಟ್ಟು ಒಂದೇ ನಿಮಿಷದಲ್ಲಿ ಮುಗಿಸಿದೆ. ಗನ್ ಸುಮ್ಮನಾಯಿತು. ಅದೇ ಹೊತ್ತಿಗೆ ರೈಫಲ್ ಹುಡುಗರು ಬಯಲಿನ ನಡುವೆ ಎದ್ದು ಓಡುತ್ತಿದ್ದರು, ಮೋರ್ಚಾಕ್ಕೆ ಇನ್ನು ಅರವತ್ತು ಮೀಟರ್. ಅಂಪೈರ್ ನಡೆದು ಬಂದು ಒಬ್ಬೊಬ್ಬರ ಹೆಗಲು ಮುಟ್ಟಿ ಕೂರಿಸಿದರು. ಮುಟ್ಟಿಸಿಕೊಂಡವನು ಸತ್ತ ಅಂತ ಲೆಕ್ಕ. ಆರು ಜನ ಕೂತರು. ಅವರಲ್ಲಿ ಒಬ್ಬ ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದವನು. ಕೂತಲ್ಲಿಂದ ನನ್ನ ದಿಬ್ಬದ ಕಡೆ ನೋಡಿದ. ಏನೂ ಅನ್ನಲಿಲ್ಲ.

ಅವತ್ತು ಸಂಜೆ ಉಸ್ತಾದ್ ನನ್ನ ಕೈಗೆ ಮ್ಯಾಗಜಿನ್ ಚೀಲ ಕೊಟ್ಟು ಒಂದು ತಿಂಗಳು ಮತ್ತೆ ನಂಬರ್ ಟೂ ಮಾಡಿದರು. ಆ ತಿಂಗಳಲ್ಲಿ ಕಲಿತದ್ದು ಬಹಳ. ಮ್ಯಾಗಜಿನ್ ತುಂಬುವಾಗ 30ರ ಬದಲು 28 ಹಾಕಬೇಕು, ಸ್ಪ್ರಿಂಗ್ ಮೇಲೆ ಒತ್ತಡ ಕಡಿಮೆ, ಗುಂಡು ಸಿಕ್ಕಿಕೊಳ್ಳುವುದೂ ಕಡಿಮೆ. ತುಂಬಿ ತುಂಬಿ ಹೆಬ್ಬೆರಳಿನ ಉಗುರಿನ ಪಕ್ಕ ಸೀಳುತ್ತಿತ್ತು. ಪ್ರತಿ ಗುಂಡನ್ನು ಚಿಂದಿಯಿಂದ ಒರೆಸುತ್ತಿದ್ದೆ, ಮಣ್ಣಿನ ಒಂದು ಕಣ ಸಾಕು ಗನ್ ನಿಲ್ಲಲು. ಫೈರ್ ನಡೆಯುವಾಗ ಬರ್ಸ್ಟ್ ಎಣಿಸುವುದು, ಖಾಲಿ ಆಗುವ ಮೊದಲೇ ಮುಂದಿನ ಮ್ಯಾಗಜಿನ್ ಕೈಯಲ್ಲಿ ಹಿಡಿದು ನಂಬರ್ ಒನ್ ತೋಳಿಗೆ ತಟ್ಟುವುದು ರೂಢಿಯಾಯಿತು.

ನೀನು ಈಗ ಮಾಡಬೇಕಾದದ್ದು ಇಷ್ಟು. 1.6 ಕಿಲೋಮೀಟರ್ ಓಟ, ಬೀಮ್ ಮೇಲೆ ಪುಲ್-ಅಪ್, ದಿನಾ. ಎಲ್‌ಎಂಜಿ ಹೊರಬೇಕು ಅಂತ ಈಗಲೇ ಬೆನ್ನಿಗೆ ಮರಳಿನ ಚೀಲ ಕಟ್ಟಿ ಡಾಂಬರು ರಸ್ತೆ ಮೇಲೆ ಓಡಬೇಡ, ಮೊಣಕಾಲು ಹಾಳಾಗುತ್ತದೆ. ನನ್ನ ಹತ್ತಿರ ಬರುವ ಹುಡುಗರಲ್ಲಿ ಇಬ್ಬರು ಹಾಗೆ ಮಾಡಿ ಭರ್ತಿ ದಿನ ಕುಂಟುತ್ತಾ ಬಂದರು. ಭಾರ ಹೊರುವುದನ್ನು ಟ್ರೇನಿಂಗ್‌ನಲ್ಲಿ ಹಂತಹಂತವಾಗಿ ಅವರೇ ಕಲಿಸುತ್ತಾರೆ. ಅಲ್ಲಿ ನಿನ್ನನ್ನು ನಂಬರ್ ಟೂ ಮಾಡಿದರೆ ಬೇಸರ ಪಡಬೇಡ, ಎಡಕ್ಕೆ ಮಲಗಿ ಎಣಿಸಲು ಶುರು ಮಾಡು.